ಡೀನ್ ಮುನಿಸ್ವಾಮಪ್ಪನವರ ವೈವಾ

ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಡೀನ್ ಮುನಿಸ್ವಾಮಪ್ಪನವರ ವೈವಾ ಎಂದರೆ ಎಂಥ ಪುಂಡರಿಗೂ ಬೆವರು ಕಿತ್ತುಕೊಳ್ಳುತ್ತಿತ್ತು. ಪ್ರಾಜೆಕ್ಟ್ ಮಾಡಿದವರು ಮನೆಯಿಂದ ಒಬ್ಬರನ್ನು ಕರೆತಂದು, ತಮ್ಮ ಯಂತ್ರ ಏನು, ಎತ್ತ ಎಂದು ಅವರಿಗೆ ಮನೆಮಾತಿನಲ್ಲೇ ತಿಳಿಸಿಹೇಳಬೇಕು. ತಮಿಳೋ ತೆಲುಗೋ ಕನ್ನಡವೋ, ಅವರವರ ಹಣೆಬರಹ. ಆಮೇಲೆ ಡೀನ್ ಪ್ರಶ್ನೆ ಹಾಕುತ್ತಿದ್ದದ್ದು ಆ ಮನೆಯವರಿಗೆ. ಅವರಿಗೆ ತಿಳಿದಿಲ್ಲವೋ, ಮಕ್ಕಳು ನಾಪಾಸು. "ಇದೇನು ಕಾಲೇಜೋ, ಹರಿಕಥೆಯೋ" ಎಂದು ಬೇರೆ ಪ್ರೊಫೆಸರುಗಳು ನಗುತ್ತಿದ್ದರು. ನಗಲಿ ಬಿಡಿ, ನಗುವವರಿಗೇನು ಖರ್ಚೇ?

ಶಶಿರೇಖ ಕಾಮಸಮುದ್ರದವಳು. ಅವಳ ಸರದಿ ಬಂದಾಗ ತಾಯಿ ವೆಂಕಟರತ್ನಮ್ಮ ಡೀನ್ ಎದುರು ಬಾಯೇ ಬಿಡಲಿಲ್ಲ. ದೊಡ್ಡವರ ಮುಂದೆ ಏನಾದರೂ ಅಂದು ಮಗಳಿಗೆ ಕೆಡುಕಾದೀತೆಂಬ ಭಯ. ಡೀನ್ ಮುಲಾಜಿಲ್ಲದೆ ನಾಪಾಸು ಮಾಡಿ, ಮುಂದಿನ ವಾರ ಬನ್ನಿ ಎಂದರು. ಶಶಿರೇಖ ಅತ್ತಳು, ಮನಸ್ಸಿನಲ್ಲೇ ಹಿಡಿಶಾಪ ಹಾಕಿದಳು, ಆದರೂ ವಾರವಿಡೀ ತಾಯಿಗೆ ಮತ್ತೆ ಮತ್ತೆ ತಿಳಿಸಿಹೇಳಿ ಧೈರ್ಯ ತುಂಬಿದಳು. ಮುಂದಿನ ವಾರ ಅದೇ ವೆಂಕಟರತ್ನಮ್ಮ, ಮಗಳು ಮಾಡಿದ ಹಾಲು ತಂಪಾಗಿಸುವ ಪೆಟ್ಟಿಗೆಯ ಬಗ್ಗೆ ತೆಲುಗಿನಲ್ಲಿ ಶುರುಮಾಡಿದವರು, ನಿಲ್ಲಿಸಬೇಕಾದರೆ ಡೀನ್ ಕಾಫಿ ತರಿಸಬೇಕಾಯಿತು. ಅಂದಿನಿಂದ ಶಶಿರೇಖಳಿಗೆ ಆ ಮನುಷ್ಯನೆಂದರೆ ಭಯವೂ ಹೌದು, ಭಕ್ತಿಯೂ ಹೌದು. ಈಗ ಅವಳು ಅಲ್ಲಿಯೇ ಪಾಠ ಹೇಳುತ್ತಾಳೆ.

ಹೋದ ತಿಂಗಳು ಡೀನ್ ನಿವೃತ್ತರಾದರು. ಸಭಾಂಗಣ ತುಂಬಿತ್ತು, ಹಾರ ತುರಾಯಿಗಳು ಕಾದಿದ್ದವು. ಮುನಿಸ್ವಾಮಪ್ಪನವರು ಬೂದಿಕೋಟೆಯ ಮನೆಯಿಂದ ತಾಯಿ ಅಕ್ಕಯ್ಯಮ್ಮನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿ ಮೈಕು ಹಿಡಿದರು.

"ಇವತ್ತು ನಂದೂ ವೈವಾ. ಶಶಿರೇಖ, ಪರೀಕ್ಷಕರು ನೀವೇ. ನನ್ನ ಕೆಲಸ ಏನೂಂತ ಅಮ್ಮನ್ನ ಕೇಳಿ. ಮುಲಾಜು ಬೇಡ."

ಜನ ತಮಾಷೆಯೆಂದುಕೊಂಡು ಚಪ್ಪಾಳೆ ತಟ್ಟಿದರು. ಶಶಿರೇಖಳೂ ನಗುತ್ತಲೇ ಕೇಳಿದಳು. "ಅಜ್ಜೀ, ನಿಮ್ಮ ಮಗ ಇಷ್ಟು ವರ್ಷ ಇಲ್ಲಿ ಏನು ಕೆಲಸ ಮಾಡಿದ್ರು?"

ಅಕ್ಕಯ್ಯಮ್ಮ ಸೆರಗು ಸರಿಮಾಡಿಕೊಂಡಳು. "ನಂಗೇನ್ ಗೊತ್ತವ್ವಾ? ಬೆಳಿಗ್ಗೆ ಓಗ್ತಿದ್ದ, ಸಂಜೆ ಬತ್ತಿದ್ದ. ಒಂದ್ಸಲ ಕೇಳ್ದೆ. 'ನಿಂಗ್ ಅರ್ಥ ಆಗಲ್ಲ ಬಿಡಮ್ಮಾ' ಅಂದ. ಆಮೇಕೆ ನಾನ್ ಕೇಳ್ಲಿಲ್ಲ."

 ಡೀನ್ ಮುಖ ಇಳಿದುಹೋಯಿತು. ವೇದಿಕೆಯ ಮೇಲಿದ್ದವರು ಶಶಿರೇಖಳಿಗೆ ಕಣ್ಸನ್ನೆ ಮಾಡಿದರು. ಪಾಸು ಎಂದು ಒಂದು ಮಾತು ಅಂದರೆ ಸಾಕು, ಹಾರ ಹಾಕಿ ಊಟಕ್ಕೆ ಏಳಬಹುದು. ಅವಳು ಡೀನ್ ಕಡೆ ನೋಡಿದಳು. ಇಷ್ಟು ದೊಡ್ಡವರಿಗೆ, ಇಷ್ಟು ಜನರ ಮುಂದೆ, ಅದೂ ಕೊನೆಯ ದಿನ! ಆದರೆ ಈ ಮನುಷ್ಯನ ಎದುರು ಸುಳ್ಳು ನಂಬರು ಕೊಡುವುದು ಹೇಗೆ?

"ನಾಪಾಸು, ಸಾರ್. ಮುಂದಿನ ವಾರ ಬನ್ನಿ."

"ಸರಿ ಮೇಡಂ" ಎಂದರು ಡೀನ್. ಅವಳನ್ನು ಅವರು ಮೇಡಂ ಎಂದದ್ದು ಅದೇ ಮೊದಲು.

ಮುಂದಿನ ವಾರದವರೆಗೆ ಅವರು ಕಾಯಲಿಲ್ಲ. ತಾಯಿಯ ಕೈಹಿಡಿದು ಎಬ್ಬಿಸಿ, ನೆಟ್ಟಗೆ ಲ್ಯಾಬಿನ ಕಡೆ ನಡೆದೇಬಿಟ್ಟರು. ಮುಖ್ಯ ಅತಿಥಿಗಳು ಹಾರ ಹಿಡಿದುಕೊಂಡು ಮಿಕಮಿಕ ನೋಡುತ್ತ ನಿಂತರು. ಶಶಿರೇಖ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು. ಇಂಥವರ ಕೈಯಲ್ಲಿ ಕಲಿತೆನಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು. ಒಳಗೆ ಡೀನ್ ಲೇತ್ ಯಂತ್ರದ ಪಕ್ಕದಲ್ಲಿ ತಾಯಿಗೆ ಸ್ಟೂಲು ಹಾಕಿ, ಬೂದಿಕೋಟೆಯ ಮಾತಿನಲ್ಲಿ ಗಡಿಬಿಡಿಯಿಂದ ಏನೇನೋ ಹೇಳುತ್ತಿದ್ದರು.

"ಅಷ್ಟ್ ಬಿರಬಿರ್ನೆ ಏಳಿದ್ರೆ ಎಂಗ್ಲಾ ತಿಳೀತದೆ?" ಎಂದು ಅಕ್ಕಯ್ಯಮ್ಮ ಗದರಿದಳು. "ಮೊದ್ಲಿಂದ ಏಳು."

ಡೀನ್ ಕಣ್ಣೊರೆಸಿಕೊಂಡು ಮೊದಲಿಂದ ಶುರುಮಾಡಿದರು.