ಕುಂಚಕ್ಕೆ ಟೋಪಿ ಹಾಕಿದವರು

ಬೆಳಕಿನ್ನೂ ಕಿಟಕಿಯೊಳಗೆ ಸರಿಯಾಗಿ ಇಣುಕಿಲ್ಲ. ಚಿತ್ರಕಲಾ ಶಾಲೆಯ ಹಿಂಬದಿಯ ಬ್ರಷ್ ಕೋಣೆಯಲ್ಲಿ, ನಲ್ಲಿಯ ಮುಂದೆ ನಿಂತ ಕುಂಚಮ್ಮ ಆಗಲೇ ಬೈಗುಳ ಶುರುಮಾಡಿದ್ದಾರೆ. ಕುಂಚಮ್ಮ ಅನ್ನುವುದು ಮಕ್ಕಳಿಟ್ಟ ಹೆಸರು. ಬೈಸಿಕೊಳ್ಳುತ್ತಿರುವುದು ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಂಡ ತಂಗಿಯ ಮಗಳು, ಇದೇ ಶಾಲೆಯ ಹೊಸ ಟೀಚರು.

"ಟೋಪಿ ಹಾಕು ಅಂತ ಯಾರೇ ಹೇಳಿದ್ದು ನಿಂಗೆ?"

"ಕೂದಲು ಹಾಳಾಗ್ಬಾರ್ದು ಅಂತ, ದೊಡ್ಡಮ್ಮ..."

"ಹಾಳಾಗ್ಬಾರ್ದು ಅಂತಾನೇ ಹಾಳು ಮಾಡಿದ್ದೀಯಲ್ಲ!"

ಹೊಸ ಬ್ರಷ್ಷಿನ ತಲೆಗೊಂದು ಪ್ಲಾಸ್ಟಿಕ್ ಕೊಳವೆ ಬರುತ್ತದೆ. ಅಂಗಡಿಯಿಂದ ತಂದ ಮೇಲೆ ಅದು ಕಸಕ್ಕೆ. ನಿನ್ನೆ ದೊಡ್ಡಮ್ಮ ರಜ ಹಾಕಿದಾಗ ಈ ತಂಗಿಯ ಮಗಳು ಬ್ರಷ್ಷು ತೊಳೆದು, ಒದ್ದೆ ತಲೆಗೇ ಅದನ್ನು ತುರುಕಿದ್ದಾಳೆ. ಅಂಚಿಗೆ ಸಿಕ್ಕ ಕೂದಲು ಹಿಂದಕ್ಕೆ ಮಡಚಿಕೊಂಡಿದೆ. ಶಾಲೆಯ ಅತಿ ಒಳ್ಳೆಯ ದುಂಡು ಬ್ರಷ್ಷು ಈಗ ನಿದ್ದೆಯಿಂದೆದ್ದ ಮಗುವಿನ ತಲೆ.

ಇವತ್ತೇ ಆಗಬೇಕಿತ್ತೇ? ಇದೇ ಬ್ರಷ್ಷನ್ನು ಪರೀಕ್ಷಿಸಲು ಪ್ರಿನ್ಸಿಪಾಲರು ಬರುತ್ತಿದ್ದಾರೆ. ಇಂಥ ಅಸಲಿ ಕೂದಲಿನದರ ಬದಲು ಆರೈಕೆ ಬೇಡದ ನೈಲಾನ್ ಬ್ರಷ್ಷೇ ಸಾಕೆನಿಸಿದರೆ ಬ್ರಷ್ ಕೋಣೆ ಮುಚ್ಚಿ ಜೆರಾಕ್ಸ್ ಯಂತ್ರ ಇಡುವ ಯೋಚನೆ ಅವರದು.

ಕುಂಚಮ್ಮ ಇಲ್ಲಿ ಸೇರಿದ್ದು ನೆಲ ಗುಡಿಸಲು. ನೀರಿನ ಮಗ್ಗಿನಲ್ಲಿ ತಲೆಕೆಳಗಾಗಿ ನಿಂತ ಬ್ರಷ್ಷುಗಳನ್ನು ನೋಡಲಾಗದೆ ತೊಳೆಯತೊಡಗಿದರು. ಈಗ ಖರೀದಿಯೂ ಅವರದೇ. ಅಂಗಡಿಯಲ್ಲಿ ಒಂದು ಲೋಟ ನೀರು ಕೇಳಿ, ಬ್ರಷ್ಷು ಅದ್ದಿ, ಕೊಡವಿ ನೋಡುತ್ತಾರೆ. ತುದಿ ತಾನಾಗಿ ಚೂಪಾದರೆ ಸರಿ, ಇಲ್ಲದಿದ್ದರೆ ವಾಪಸ್ಸು.

"ಬ್ರಷ್ ತಗೊಳ್ಳೋಕೆ ಬಂದ್ರಾ, ಅಳಿಯನ್ನ ಹುಡುಕೋಕಾ?" ಎಂದು ಅಂಗಡಿಯವ ರೇಗುತ್ತಾನಂತೆ.

"ಅಳಿಯನ್ನ ನೀರಲ್ಲಿ ಅದ್ದಿ ನೋಡೋಕಾಗಲ್ವಲ್ಲಪ್ಪ!"

ತಣ್ಣೀರಿಗೆ ಬೆರಳ ಗೆಣ್ಣುಗಳು ಬಿರಿದಿವೆ. ಬಿಸಿನೀರು ಕಾಯಿಸಿಕೊಳ್ಳಬಾರದೇ ಎಂದರೆ, ಅವರ ಕೆಲಸ ನೋಡಲು ಬಂದ ನನಗೂ ಮಂಗಳಾರತಿ: "ಒಳಗಿನ ಅಂಟು ಬಿಟ್ಟು ಕೂದಲು ಉದುರತ್ತೆ. ನೀವೂ ಸಹಾಯಕ್ಕೆ ಬಂದ್ರಾ?"

ಕುಂಚಕ್ಕೆ ಕೊಂಚವೇ ಸೋಪು. ಅಂಗೈಯಲ್ಲಿ ಮೆಲ್ಲಗೆ ಸುತ್ತಿಸಿ, ತೊಳೆದು, ಗೋಂದಿನ ನೀರಲ್ಲಿ ಅದ್ದಿ, ಬೆರಳಿಂದ ತುದಿ ತೀಡಿ ಮಲಗಿಸುತ್ತಾರೆ. ಗೋಂದು ಒಣಗಿ ಕೂದಲು ನೆಟ್ಟಗಾಗಬೇಕು, ನಾಳೆಯವರೆಗೂ ಮುಟ್ಟುವಂತಿಲ್ಲ.

"ಹ್ಹ್ಮ್... ಹ್ಹ್ಮ್... ಎಲ್ರೀ ಅದು?" ಮೂಗಿನಲ್ಲೇ ಮಾತಾಡುತ್ತಾ ಪ್ರಿನ್ಸಿಪಾಲರು ಬಂದೇಬಿಟ್ಟರು. ಇನ್ನೂ ಹೊರಚಾಚಿದ ನಾಲ್ಕು ಕೂದಲು ಕಂಡು ಮೇಜಿನ ಕತ್ತರಿಗೆ ಕೈಹಾಕುತ್ತಾರೆ. "ಒಂದು ಸಲ ಕಚಕ್ ಅಂದ್ರೆ ಮುಗೀತು."

ಕುಂಚಮ್ಮ ಬ್ರಷ್ಷನ್ನು ಬೆನ್ನ ಹಿಂದೆ ಅಡಗಿಸುತ್ತಾರೆ. "ಕತ್ತರಿಸಿದ್ರೆ ತುದಿ ಮೊಂಡಾಗತ್ತೆ ಸರ್. ಮತ್ತೆ ಬೆಳೆಯೋಕೆ ಇದೇನು ನಿಮ್ಮ ಗಡ್ಡಾನಾ? ಕೋಣೆ ಮುಚ್ಚೋದಿದ್ರೆ ನಾಳೆ ನೋಡಿ ಮುಚ್ಚಿ."

ಪ್ರಿನ್ಸಿಪಾಲರು ಗಡ್ಡ ಸವರಿಕೊಂಡು, ಕತ್ತರಿ ಕೆಳಗಿಟ್ಟು, "ನಾಳೆ" ಎಂದಷ್ಟೇ ಹೇಳಿ ಹೋಗುತ್ತಾರೆ.

ಮರುದಿನ ಗೋಂದು ತೊಳೆದ ಬ್ರಷ್ಷನ್ನು ನೀಲಿಯಲ್ಲಿ ಅದ್ದಿ ಪ್ರಿನ್ಸಿಪಾಲರೇ ಕಾಗದಕ್ಕೆ ತಾಗಿಸುತ್ತಾರೆ. ದಾರದಷ್ಟು ಸಣ್ಣ ಗೆರೆ. ಒತ್ತಿದರೆ ಅಗಲಿಸಿ ಎಲೆ, ಎತ್ತಿದರೆ ಮತ್ತೆ ದಾರ. ನೈಲಾನ್ ಬ್ರಷ್ಷು ಮೊದಲ ಎಲೆಗೇ ನೀರೆಲ್ಲ ಕಕ್ಕಿ ಕೊಳ ಮಾಡುತ್ತದೆ.

"ಹ್ಹ್ಮ್. ಜೆರಾಕ್ಸಿಗೆ ಮೆಟ್ಟಿಲ ಕೆಳಗೆ ಜಾಗ ನೋಡಿ."

ಅವರು ಹೋದ ಮೇಲೆ, ಕುಂಚಮ್ಮನಿಗೆ ಇನ್ನೇನು ಆಸೆ ಎಂದು ಕೇಳುತ್ತೇನೆ. ತಂಗಿಯ ಮಗಳನ್ನು ಓರೆಗಣ್ಣಲ್ಲಿ ನೋಡಿ ನಿಟ್ಟುಸಿರು ಬಿಡುತ್ತಾರೆ.

"ನಾನು ರಜ ಹಾಕಿದ ದಿನ ಯಾರೂ ನಂಗೆ ಸಹಾಯ ಮಾಡ್ಬಾರ್ದು. ಅಷ್ಟೇ."