ಮೂಲೆಯಲ್ಲಿ ಕೂತಿದ್ದ ಅಜ್ಜಿ

ತಾಂಬರಂ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಸಾಕು, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಮಂಪರೊಂದು ನನ್ನನ್ನು ಆವರಿಸುತ್ತದೆ. ನರ್ಸಾಗಿ ಇಷ್ಟು ವರ್ಷ ಎತ್ತಿಕೊಂಡ ಮಕ್ಕಳೆಲ್ಲ ಅದರಲ್ಲಿ ತೇಲಿ ಬರುತ್ತಾರೆ. ಯಾರಿಗೂ ವಯಸ್ಸಾಗಿರುವುದಿಲ್ಲ. ಐದು ತಿಂಗಳ ಒಂದು ಹೆಣ್ಣುಕೂಸು ಬಂದಾಗ ಮಾತ್ರ ನನಗೆ ಈಗಲೂ ನಾಚಿಕೆಯಾಗುತ್ತದೆ.

ಆಗಷ್ಟೇ ನಾನು ಮಕ್ಕಳ ಆಸ್ಪತ್ರೆಯಲ್ಲಿ ಒಂದು ತಂಡಕ್ಕೆ ಮುಖ್ಯಸ್ಥೆಯಾಗಿದ್ದೆ. ಹೃದಯದ ಡಾಕ್ಟರು, ಶ್ವಾಸಕೋಶದ ಡಾಕ್ಟರು, ಆಹಾರ ಹೇಳಿಕೊಡುವವರು ಎಲ್ಲರ ಮಾತನ್ನೂ ಒಂದುಗೂಡಿಸಿ ಮಗುವನ್ನು ಸುರಕ್ಷಿತವಾಗಿ ಮನೆ ಸೇರಿಸುವುದು ನಮ್ಮ ಕೆಲಸ. ಅದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬವೂ ಇತ್ತು.

ಆ ಕೂಸಿಗೆ ಹಾಲು ನುಂಗುವುದೇ ಕಷ್ಟ. ನೆಟ್ಟಗೆ ಕೂರಿಸಿಕೊಂಡು ಚೂರುಚೂರೇ ಕುಡಿಸಬೇಕು, ಆಮೇಲೆ ಅರ್ಧ ಗಂಟೆ ಹೆಗಲ ಮೇಲೇ ಇಟ್ಟುಕೊಳ್ಳಬೇಕು. ಮಂಡ್ಯದಿಂದ ಬಂದು ಮೈಲಾಪೂರಿನಲ್ಲಿ ಮನೆ ಮಾಡಿದ್ದ ಅದರ ತಾಯಿಗೆ ಇದನ್ನೆಲ್ಲ ಆಸ್ಪತ್ರೆಯ ರೂಢಿಯಂತೆ ಇಂಗ್ಲಿಷಿನಲ್ಲಿ ವಿವರಿಸಿದೆ. ಆಕೆ ಫೋನಿನಲ್ಲಿ ಬರೆದುಕೊಂಡಳು. ಮೂಲೆಯಲ್ಲಿ ಫ್ಲಾಸ್ಕ್ ಹಿಡಿದು ಕೂತಿದ್ದ ಅಜ್ಜಿಯನ್ನು ನಾನು ಕೇಳಿದ್ದು "ಊಟ ಆಯ್ತಾ" ಎಂದಷ್ಟೇ, ಅದೂ ಕನ್ನಡ ಮಾತಾಡುವ ಚಪಲಕ್ಕೆ.

ಮನೆಗೆ ಹೋದ ಹತ್ತು ದಿನಕ್ಕೆ ಕೂಸು ಏದುಸಿರು ಬಿಡುತ್ತಾ ವಾಪಸು ಬಂತು. ಹಾಲು ಶ್ವಾಸಕೋಶಕ್ಕೆ ಇಳಿದಿತ್ತು. ತಾಯಿ ಬ್ಯಾಂಕಿನ ಕೆಲಸಕ್ಕೆ ಹೋಗುತ್ತಿದ್ದಳು, ಹಗಲೆಲ್ಲ ಕುಡಿಸುತ್ತಿದ್ದವರು ಅಜ್ಜಿ. ಆರು ಮಕ್ಕಳನ್ನು ಸಾಕಿದ ಹಾಗೇ ಕಾಲು ನೀಡಿ, ಮೇಲೆ ಅಂಗಾತ ಮಲಗಿಸಿಕೊಂಡು, ಒಳಲೆಯಲ್ಲಿ ಬಾಯಿಗೆ ಹಾಲು ಬಿಟ್ಟಿದ್ದರು. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಇಡೀ ಆಸ್ಪತ್ರೆಯನ್ನು ಒಂದುಗೂಡಿಸಿದ ನಾನು ಕುಡಿಸುವ ಕೈ ಯಾರದೆಂದು ಕೇಳಿರಲಿಲ್ಲ.

ಕೂಸು ಚೇತರಿಸಿಕೊಂಡಿತು. ಆದರೆ ಅಜ್ಜಿ ಅದನ್ನು ಮುಟ್ಟಲೇ ಒಲ್ಲೆನೆಂದರು. ಹಗಲು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಒಪ್ಪದೆ ಕೂಸನ್ನು ಕಳಿಸುವ ಹಾಗೂ ಇರಲಿಲ್ಲ.

"ಈ ಕೈಲಿ ಇನ್ನು ಹಾಲು ಕುಡ್ಸಲ್ಲ ಕಣವ್ವ," ಎಂದರು.

"ತಪ್ಪು ನಿಮ್ದಲ್ಲ ಅಜ್ಜಿ. ನಿಮಗೆ ಹೇಳ್ಬೇಕಾಗಿದ್ದೋಳು ನಾನು. ಹೇಳ್ಲಿಲ್ಲ."

ಅವರು ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ಕೂಸಿಗಾಗಿ ಚಾಚಿದರು.

ಮಧ್ಯಾಹ್ನದ ಬಿಸಿಲು ಪರದೆಯೊಳಗಿಂದ ಸೋಸಿ ಬಂದು ವಾರ್ಡೆಲ್ಲ ತಿಳಿ ಹಳದಿಯಾಗಿತ್ತು. ಅಕ್ಕಪಕ್ಕದ ಮಕ್ಕಳೆಲ್ಲ ಮಲಗಿದ್ದವು. ಅಜ್ಜಿ ನೆಟ್ಟಗೆ ಕೂತು ಗುಟುಕು ಗುಟುಕಾಗಿ ಕುಡಿಸಿದರು. ನನ್ನ ಕೈ ಅವರ ಮಣಿಕಟ್ಟಿನ ಮೇಲಿತ್ತು, ಕೊನೆಕೊನೆಗೆ ಅದೂ ಬೇಕಾಗಲಿಲ್ಲ. ಕೂಸು ಅವರ ಹೆಗಲ ಮೇಲೆ ನಿದ್ದೆಹೋಯಿತು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಅರ್ಧ ಗಂಟೆ ದಾಟಿತು, ಇನ್ನು ಮಲಗಿಸಬಹುದು ಎಂದೆ.

"ಗೊತ್ತು ಕಣವ್ವ. ಇಳ್ಸಕ್ಕೆ ಧೈರ್ಯ ಬರ್ತಿಲ್ಲ."

ಅವರಾಗಿಯೇ ಇಳಿಸುವವರೆಗೂ ನಾನು ಮನೆಗೆ ಕಳಿಸುವ ಕಾಗದಕ್ಕೆ ಸಹಿ ಹಾಕಲಿಲ್ಲ.