ಗದ್ದದಲ್ಲಿ ಮುಗಿಯುವ ಮಡಿಕೆ

ನನ್ನ ದೊಡ್ಡಮ್ಮನ ಮುಂದಿನ ಮೂರು ಹಲ್ಲುಗಳು ಕೆಲಸದ ಜಾಗದಲ್ಲೇ ಹೋದವು. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಪೈಪು ಒಡೆದು ನೆಲವೆಲ್ಲ ಸಾಬೂನು ನೀರಾಗಿದ್ದಾಗ ಜಾರಿ ಬಿದ್ದು, ತೊಟ್ಟಿಯ ಅಂಚಿಗೆ ಬಾಯಿ ಬಡಿದುಕೊಂಡಳು. ಹಲ್ಲು ಕಟ್ಟಿಸಿಕೊಡುತ್ತೇನೆ ಎಂದ ಮಾಲೀಕರು ಪೈಪನ್ನು ಮಾತ್ರ ಸರಿಮಾಡಿಸಿದರು. ಅದುವರೆಗೆ ದಿನಕ್ಕೆ ಎರಡು ಗಂಟೆ ಮುಂದಿನ ಕೌಂಟರಿನಲ್ಲಿ ನಿಂತು, ಯಾರ ಅಂಗಿಯ ಯಾವ ಗುಂಡಿ ಸಡಿಲ ಎಂದು ಪಟಪಟ ಹೇಳುತ್ತಿದ್ದವಳನ್ನು ಮಾಲೀಕರ ಹೆಂಡತಿ ಒಳಗೆ ಅಟ್ಟಿದರು.

"ಗಿರಾಕಿಗಳ ಮುಂದೆ ಹೀಗೆ ನಕ್ರೆ ಚೆನ್ನಾಗಿರಲ್ಲ. ನಗ್ಲೇಬೇಕು ಅಂದ್ರೆ ಬಾಯಿಗೆ ಕೈ ಅಡ್ಡ ಇಟ್ಕೋ."

ದೊಡ್ಡಮ್ಮ ಕೈ ಅಡ್ಡ ಇಡಲಿಲ್ಲ, ನಗುವುದನ್ನು ಬಿಡಲೂ ಇಲ್ಲ. ನಾಲ್ಕು ವರ್ಷ ಹಿಂದಿನ ಕೋಣೆಯಲ್ಲೇ, ರೋಲರ್ ಇಸ್ತ್ರಿಯ ಪಕ್ಕ, ನನ್ನ ಎದುರು ನಿಂತು ಲಾಡ್ಜುಗಳ ಬೆಡ್‌ಶೀಟ್ ಮಡಿಸಿದಳು. ಆದರೆ ಮುಂದಿನ ಗಾಜಿನ ಬಾಗಿಲ ಗಂಟೆ ಟಿಣ್ ಎಂದಾಗಲೆಲ್ಲ ಅವಳ ಕತ್ತು ಆ ಕಡೆ ಹೊರಳುತ್ತಿತ್ತು.

ಬೆಡ್‌ಶೀಟ್ ಮಡಿಸುವುದರಲ್ಲಿ ಏನಿದೆ ಮಹಾ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬಂದು ದಿನಕ್ಕೆ ನಾನೂರು ಮಡಿಸಲಿ, ಆಮೇಲೆ ಮಾತಾಡೋಣ. ಇಬ್ಬರು ಎರಡು ತುದಿ ಹಿಡಿದು ಎಳೆಯಬೇಕು, ಒಂದು ಸಲ ಜಾಡಿಸಬೇಕು, ಅಂಚಿಗೆ ಅಂಚು ಸೇರಿಸಿ ಹತ್ತಿರ ಬರಬೇಕು. ಆಗ ನನ್ನ ತುದಿ ದೊಡ್ಡಮ್ಮನ ಕೈಗೆ ಹೋಗುತ್ತದೆ. ನಮ್ಮ ಕೋಣೆಯಲ್ಲಿ ಮೇಜು ಹಾಕಲು ಜಾಗವಿಲ್ಲ. ಆದ್ದರಿಂದ ಅವಳು ಶೀಟಿನ ನಡುಭಾಗವನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಎರಡೂ ಕೈಯಿಂದ ಉಳಿದದ್ದನ್ನು ಮಡಿಸಿ ಮುಗಿಸುತ್ತಾಳೆ. ಕಾನೂನು ಒಂದೇ: ನೆಲ ಮುಟ್ಟಿದ ಶೀಟು ಮತ್ತೆ ತೊಟ್ಟಿಗೆ. ಒಂದು ನೂಲು ಮುಟ್ಟಿದರೂ ಸರಿ, ಮಡಿಸಿದವರು ಯಾರಾದರೂ ಸರಿ.

ಇದಕ್ಕೆಲ್ಲ ತಾಳ ಹಾಕಿಕೊಡುತ್ತಿದ್ದದ್ದು ಒಂದು ಹಳೆಯ ಹಾಡು. ದೊಡ್ಡಮ್ಮನ ಹರೆಯದಲ್ಲಿ ರೇಡಿಯೋದಲ್ಲಿ ದಿನಾ ಬರುತ್ತಿದ್ದ, ಚುರುಕು ನಡೆಯ ಹಾಡು. ಹಲ್ಲಿಲ್ಲದ ಸಂದಿಯಲ್ಲಿ ಸುಯ್ ಎಂದು ಗಾಳಿ ಸೇರಿಸಿ ಅವಳು ಅದನ್ನು ಹಾಡುತ್ತಿದ್ದಳು. ಜಾಡಿಸುವ ಕಡೆ ಶೀಟೇ ಫಟ್ ಎಂದು ತಾಳ ಹಾಕುತ್ತಿತ್ತು.

ಅದೇ ಹಾಡನ್ನು ಒಬ್ಬ ಪಾಪ್ ಗಾಯಕಿ ಹೊಸದಾಗಿ ಹಾಡಿದ್ದಾಳೆ, ಅದರ ವಿಡಿಯೋವನ್ನು ನಮ್ಮ ಲಾಂಡ್ರಿಯಲ್ಲೇ ತೆಗೆಯುತ್ತಾರೆ ಎಂದು ಮಾಲೀಕರು ಹೇಳಿದಾಗ ನಾವೆಲ್ಲ ಹಿಗ್ಗಿದೆವು. ರಜೆಯ ದಿನವಾದರೂ ಬೆಳಿಗ್ಗೆಯೇ ಹೋಗಿ ನಿಂತೆವು. ಸ್ಪೀಕರಿನಲ್ಲಿ ಹಾಡು ಹಾಕಿದರು. ಒಂದೊಂದು ಪದಕ್ಕೂ ಒಂದೊಂದು ನಿಟ್ಟುಸಿರು. ಪಲ್ಲವಿ ಮುಗಿಯುವಷ್ಟರಲ್ಲಿ ನಾವು ಆರು ಶೀಟು ಮಡಿಸಿಬಿಡುತ್ತಿದ್ದೆವು.

"ಹಾಡಿಗೆ ಜ್ವರ ಬಂದಿದ್ಯಾ?" ಎಂದು ದೊಡ್ಡಮ್ಮ ನನ್ನ ಕಿವಿಯಲ್ಲಿ ಕೇಳಿದಳು. ಅವಳ ಪಿಸುಮಾತು ಬೀದಿಯವರೆಗೆ ಕೇಳಿಸುತ್ತದೆ. ಗಾಯಕಿಗೂ ಕೇಳಿಸಿತು. ಅವಳು ತುಟಿ ಕಚ್ಚಿಕೊಂಡು ನಗು ತಡೆದದ್ದನ್ನು ನಾನು ನೋಡಿದೆ.

ಲಾಂಡ್ರಿಯ ಹೆಂಗಸರಾಗಿ ನಟಿಸಲು ನಾಲ್ಕು ಜನ ಡ್ಯಾನ್ಸರುಗಳನ್ನು ಕರೆತಂದಿದ್ದರು. ತೆಳ್ಳಗಿದ್ದರು, ಬೆಳ್ಳಗಿದ್ದರು, ಶೀಟು ಹಿಡಿಯಲು ಮಾತ್ರ ಬರುತ್ತಿರಲಿಲ್ಲ. ಅಷ್ಟು ನಿಧಾನದ ಹಾಡಿಗೆ ತೋಳು ಎತ್ತಿ ನಿಂತರೆ ಯಾರಿಗಾದರೂ ಕೈ ಸೋಲುತ್ತದೆ. ಮೊದಲ ಸಲವೇ ಶೀಟಿನ ಹೊಟ್ಟೆ ಜೋತು ನೆಲಕ್ಕೆ ತಾಗಿತು.

"ನೆಲ ಮುಟ್ತು," ಎಂದಳು ದೊಡ್ಡಮ್ಮ. ನೇರ ಕ್ಯಾಮೆರಾದ ಮುಂದೆ ನಡೆದು ಹೋಗಿ, ಶೀಟು ಕಿತ್ತುಕೊಂಡು ತೊಟ್ಟಿಗೆ ಎಸೆದಳು. ಡೈರೆಕ್ಟರು ಬಾಯಿ ತೆರೆದುಕೊಂಡು ನಿಂತ. ಎರಡನೇ ಶೀಟೂ ಹಾಗೇ ಆಯಿತು, ಮೂರನೆಯದೂ ಆಯಿತು. ಐದನೆಯದಕ್ಕೆ ಅವನು ತಲೆ ಚಚ್ಚಿಕೊಂಡ.

"ಆಂಟಿ, ಇದು ಶೂಟಿಂಗು. ನೆಲ ಮುಟ್ಟಿದ್ರೆ ಏನಾಗುತ್ತೆ?"

"ನಾಳೆ ಇದರ ಮೇಲೆ ಯಾರೋ ಮುಖ ಇಟ್ಟು ಮಲಗ್ತಾರೆ ಕಣಪ್ಪ. ನೀನು ಮಲಗ್ತೀಯಾ?"

ಮಡಿಸುವುದು ಹೇಗೆ ಎಂದು ಒಮ್ಮೆ ತೋರಿಸಿ ಎಂದ ಅವನು. ದೊಡ್ಡಮ್ಮನೂ ನಾನೂ ಅವಳ ತಾಳದಲ್ಲಿ, ಅವಳ ಹಾಡಿನಲ್ಲಿ ಎರಡು ಶೀಟು ಮಡಿಸಿ ತೋರಿಸಿದೆವು. ಡೈರೆಕ್ಟರನ ಕಣ್ಣು ಅವಳ ಕೈಗಳ ಮೇಲೆ ನೆಟ್ಟುಹೋಗಿತ್ತು.

"ಇದೇ ಬೇಕು ನಂಗೆ," ಎಂದ. "ಈ ವೇಗದಲ್ಲೇ ತೆಗೆದು ಆಮೇಲೆ ನಿಧಾನ ಮಾಡ್ಕೋತೀವಿ. ಆಂಟಿ, ನಿಮ್ಮ ಕೈ ಮಾತ್ರ ತೋರಿಸ್ತೀವಿ. ಮುಖ ಮೇಡಮ್ಮವರದ್ದು," ಎಂದು ಗಾಯಕಿಯ ಕಡೆ ಕೈ ತೋರಿಸಿದ.

ನಾಲ್ಕು ವರ್ಷದಿಂದ ಒಳಗೆ ಅದುಮಿಟ್ಟುಕೊಂಡದ್ದು ಆಗ ದೊಡ್ಡಮ್ಮನ ಮುಖದ ಮೇಲೆ ಬಂತು. ಕೈಯಲ್ಲಿದ್ದ ಶೀಟನ್ನು ರಾಶಿಯ ಮೇಲಿಟ್ಟಳು.

"ಆಗಲ್ಲ."

"ಯಾಕೆ?"

"ಈ ಮಡಿಕೆ ಗದ್ದದಲ್ಲಿ ಮುಗಿಯುತ್ತೆ. ಗದ್ದದ ಮೇಲೆ ಬಾಯಿ ಇದೆ, ಬಾಯಿ ಮೇಲೆ ಮುಖ ಇದೆ. ಎಲ್ಲಾ ಒಬ್ಬಳದ್ದೇ. ಬೇಕಾದ್ರೆ ಪೂರ್ತಿ ತಗೊಳ್ಳಿ, ಇಲ್ದಿದ್ರೆ ಆ ಮಕ್ಕಳ ಕೈಲೇ ಮಾಡಿಸಿ. ತೊಟ್ಟಿಯಲ್ಲಿ ಇನ್ನೂ ಜಾಗ ಇದೆ."

ಮಾಲೀಕರು ಕಣ್ಣು ಕೆಂಪಗೆ ಮಾಡಿಕೊಂಡು ಮುಂದೆ ಬಂದರು. "ಏನು ಆಟ ಆಡ್ತಿದ್ದೀಯಾ? ಹೇಳಿದ್ದು ಮಾಡು. ಇಲ್ದಿದ್ರೆ ನಾಳೆಯಿಂದ ಬರ್ಬೇಡ."

"ಆಯ್ತು ಸಾರ್. ನಾಳೆ ಎಂಟು ಲಾಡ್ಜಿನ ಶೀಟು ಬರುತ್ತೆ. ನೀವೂ ಅಮ್ಮಾವ್ರೂ ಎದುರುಬದುರು ನಿಂತು ಮಡಿಸಿ."

ಆಗ ನಾನು ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದೆ. ನನ್ನ ಹಿಂದಿದ್ದ ಇಸ್ತ್ರಿಯವಳೂ ಬಿಚ್ಚಿದಳು. ಮಾಲೀಕರು ಮೊಳೆಯನ್ನೇ ನೋಡುತ್ತ ಹಿಂದೆ ಸರಿದರು.

ಕೊನೆಗೆ ಬಾಯಿ ಬಿಟ್ಟವಳು ಗಾಯಕಿ. "ಮುಖ ಬರ್ಲಿ ಬಿಡಿ. ಆ ಕಡೆ ತುದಿ ನಾನೇ ಹಿಡಿತೀನಿ." ಡೈರೆಕ್ಟರು ಗಡಿಯಾರ ನೋಡಿ, "ಸರಿ, ಮುಖಾನೂ ಬರುತ್ತೆ" ಎಂದ. ಗಾಯಕಿ ಕಲಿಯಲು ಎರಡು ಶೀಟು ತೊಟ್ಟಿಗೆ ಹೋದವು. ಮೂರನೆಯದು ಗಾಳಿಯಲ್ಲಿ ಫಟ್ ಎಂದಿತು. ಅವಳು ತನ್ನ ನಿಟ್ಟುಸಿರು ಮರೆತು ದೊಡ್ಡಮ್ಮನ ತಾಳಕ್ಕೆ ಹಾಡುತ್ತಾ ಹತ್ತಿರ ಬಂದಳು, ತುದಿ ಕೈ ಬದಲಾಯಿತು. ದೊಡ್ಡಮ್ಮ ಗದ್ದ ಒತ್ತಿ ಮಡಿಸಿ ಮುಗಿಸಿ, ಕ್ಯಾಮೆರಾಕ್ಕೆ ಬಾಯ್ತುಂಬ ನಕ್ಕಳು. ಅಷ್ಟು ಚೆಂದದ ನಗುವನ್ನು ನಾನು ಅವಳ ಮುಖದಲ್ಲಿ ಬಹಳ ದಿನದಿಂದ ಕಂಡಿರಲಿಲ್ಲ.

ಒಂದೂವರೆ ತಿಂಗಳಿಗೆ ವಿಡಿಯೋ ಬಿಡುಗಡೆಯಾಯಿತು. ಊಟದ ಹೊತ್ತಿನಲ್ಲಿ ಹತ್ತು ಜನ ನನ್ನ ಫೋನಿಗೆ ಮುತ್ತಿಕೊಂಡೆವು. ನಮ್ಮ ರೋಲರ್, ನಮ್ಮ ತೊಟ್ಟಿ, ಗೋಡೆಯ ಮೇಲಿನ ನಮ್ಮ ಬೂಷ್ಟು ಕೂಡ ಚೆನ್ನಾಗಿ ಕಾಣುತ್ತಿತ್ತು. ಮೋಡದ ಹಾಗೆ ನಿಧಾನವಾಗಿ ಶೀಟು ಎದ್ದಿತು. ದೊಡ್ಡಮ್ಮನ ಕೈ, ಉಬ್ಬಿದ ನರ, ಸುಟ್ಟ ಕಲೆ. ಶೀಟು ಗದ್ದಕ್ಕೆ ಬಂತು. ಇನ್ನೇನು ತುಟಿ ಬಿರಿಯಬೇಕು, ಆಗ ಚಿತ್ರ ಕತ್ತರಿಸಿ ಗಾಯಕಿಯ ಮುಖ ಬಂತು.

ಮತ್ತೆ ಹಾಕಿ ನೋಡಿದೆವು. ಮೂರು ಸಲ ನೋಡಿದರೂ ಗದ್ದಕ್ಕಿಂತ ಮೇಲೆ ಹೋಗಲಿಲ್ಲ. ನಾನು ಡೈರೆಕ್ಟರನ ವಂಶವನ್ನೆಲ್ಲ ಜಾಲಾಡಿದೆ. ಗಾಯಕಿಯನ್ನೂ ಬಿಡಲಿಲ್ಲ, ಆ ದಿನ ಬಾಯಿ ಬಿಟ್ಟವಳಿಗೆ ಈಗ ಏನಾಗಿತ್ತು? ದೊಡ್ಡಮ್ಮ ಮಾತ್ರ ಡಬ್ಬಿ ತೊಳೆದು ಬೋರಲು ಹಾಕಿ, "ಗದ್ದದವರೆಗೆ ಅವರು ಕರ್ಕೊಂಡು ಹೋದ್ರಲ್ಲ. ಉಳಿದದ್ದು ನಾನೇ ನಡೀತೀನಿ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಸೋತವಳ ಕಣ್ಣಲ್ಲ ಅದು, ನನಗೆ ಗೊತ್ತು.

ಮರುದಿನ ಬೆಳಿಗ್ಗೆ ಇಸ್ತ್ರಿಯಾದ ಶೀಟುಗಳ ಗಾಡಿಯನ್ನು ಅವಳು ಮುಂದಕ್ಕೆ ತಳ್ಳಿದಳು. "ಆ ತುದಿ ಹಿಡಿ ಬಾ" ಎಂದು ನನ್ನನ್ನು ಕರೆದಳು. ಕೌಂಟರಿನ ಈಚೆ, ಗಾಜಿನ ಬಾಗಿಲಿಗೆ ಮುಖ ಮಾಡಿ ನಿಂತು ಮಡಿಸತೊಡಗಿದೆವು. ಹಾಡೂ ಶುರುವಾಯಿತು, ಜ್ವರವಿಲ್ಲದ ಹಾಡು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಒಂದಿಬ್ಬರು ಹುಡುಗಿಯರು ಫೋನು ನೋಡಿ, ಅವಳ ಕೈ ನೋಡಿ, ಮತ್ತೆ ಫೋನು ನೋಡಿದರು. ಬಾಗಿಲ ಗಂಟೆ ಟಿಣ್ ಎಂದಿತು. ಒಳಗೆ ಬಂದದ್ದು ಹಳೆಯ ಗಿರಾಕಿ, ಅಂಗಿಯ ಗುಂಡಿ ಸದಾ ಸಡಿಲವಿರುತ್ತಿದ್ದ ಮೇಷ್ಟ್ರು.

"ಅರೆ, ನಾಲ್ಕು ವರ್ಷದಿಂದ ಎಲ್ಲಿ ಹೋಗಿದ್ರಿ ನೀವು?"

"ಇಲ್ಲೇ ಇದ್ದೆ ಮೇಷ್ಟ್ರೇ. ಒಳಗೆ ಇಟ್ಟಿದ್ರು," ಎಂದು ದೊಡ್ಡಮ್ಮ ಬಾಯಿ ಅಗಲಿಸಿ ನಕ್ಕಳು.

ಮಾಲೀಕರ ಹೆಂಡತಿ ಕೌಂಟರಿನ ಹಿಂದಿನಿಂದ ದಡಬಡ ಬಂದು, ಗಿರಾಕಿಗೆ ಹಲ್ಲು ಕಿರಿಯುತ್ತಲೇ ಅವಳ ಪಕ್ಕ ನಿಂತು ಅದುಮಿದ ದನಿಯಲ್ಲಿ ಹೇಳಿದರು. "ಬಾಯಿಗೆ ಕೈ ಅಡ್ಡ ಇಟ್ಕೋ."

ದೊಡ್ಡಮ್ಮ ಗದ್ದದ ಕೆಳಗೆ ಶೀಟು ಒತ್ತಿಕೊಂಡು, ನಗು ಒಂದಿಷ್ಟೂ ಕಡಿಮೆ ಮಾಡದೆ ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಎರಡೂ ಕೈಯಲ್ಲಿ ಶೀಟಿದೆ ಅಮ್ಮಾವ್ರೇ. ಬಿಟ್ರೆ ನೆಲ ಮುಟ್ಟುತ್ತೆ."